ತೆರಿಗೆ ರಿಬೇಟ್ ಬಗ್ಗೆ ವಾದಕ್ಕಿಳಿಯುವ ಮುಂಚೆ

ಆರ್ಥಿಕತೆ ಮಂಕಾದಾಗ ಸರ್ಕಾರ ಜನರಿಗೆ ತೆರಿಗೆ ದುಡ್ಡು ವಾಪಸ್ ಕೊಟ್ಟರೆ ವ್ಯಾಪಾರ ಚೇತರಿಸಿಕೊಳ್ಳುತ್ತದಾ? ಹೀಗೆ ವಾಪಸ್ ಕೊಡುವುದೇ ರಿಬೇಟ್. ಈ ವಿಷಯ ಎತ್ತಿದರೆ ಸಾಕು, ಒಬ್ಬರು "ಜನರ ದುಡ್ಡು ಜನರಿಗೇ ಸೇರಲಿ ಬಿಡಿ" ಅನ್ನುತ್ತಾರೆ, ಇನ್ನೊಬ್ಬರು "ಬಿಟ್ಟಿ ಹಂಚಿಯೇ ದೇಶ ಹಾಳಾಗಿದ್ದು" ಅನ್ನುತ್ತಾರೆ, ಅಲ್ಲಿಗೆ ಚರ್ಚೆ ಮುಗಿದೇ ಹೋಗುತ್ತದೆ. ಮೊದಲನೆಯದು ನ್ಯಾಯದ ಮಾತು. ಎರಡನೆಯದು ಸಿಟ್ಟಿನ ಮಾತು. ವ್ಯಾಪಾರ ಚೇತರಿಸಿಕೊಳ್ಳುತ್ತದೋ ಇಲ್ಲವೋ ಅನ್ನೋದಕ್ಕೆ ಎರಡರಲ್ಲೂ ಉತ್ತರ ಇಲ್ಲ.

ನೀವು ಪರ ಇರಿ, ವಿರೋಧ ಇರಿ, ಒಂದು ವಿಷಯ ತಲೆಯಲ್ಲಿರಲಿ. ರಿಬೇಟ್ ಒಳ್ಳೆಯದಾ ಕೆಟ್ಟದ್ದಾ ಅಂತ ಸುಮ್ನೆ ಕೇಳಿದರೆ ಯಾರೂ ಗೆಲ್ಲುವುದಿಲ್ಲ. ಯಾರಿಗೆ, ಯಾವಾಗ, ಯಾವ ದಾರಿಯಲ್ಲಿ ಕೊಟ್ಟರು ಅಂತ ಕೇಳಿದರೆ ಮಾತ್ರ ವಾದಕ್ಕೆ ಹಿಡಿತ ಸಿಗುತ್ತದೆ.

ಮೊದಲು ಯಾವ ರಿಬೇಟ್ ಅಂತ ಗಟ್ಟಿ ಮಾಡಿಕೊಳ್ಳಿ

ಎಲ್ಲವನ್ನೂ ರಿಬೇಟ್ ಅಂತಲೇ ಕರೆದರೂ ಕೈಗೆ ಬರುವ ರೀತಿ ಬೇರೆ ಬೇರೆ. ಅಮೆರಿಕದಲ್ಲಿ 2008ರಲ್ಲಿ ಒಬ್ಬರಿಗೆ 600 ಡಾಲರ್‌ವರೆಗೆ, ದಂಪತಿಗೆ 1200 ಡಾಲರ್‌ವರೆಗೆ ಒಂದೇ ಕಂತಿನಲ್ಲಿ ಬಂತು. ಮಾರನೇ ವರ್ಷ, ಅಂದರೆ 2009ರಲ್ಲಿ, ದಾರಿ ಬದಲಾಯಿತು. ದುಡಿಯುವ ಒಬ್ಬರಿಗೆ ವರ್ಷಕ್ಕೆ 400 ಡಾಲರ್‌ವರೆಗೆ ತೆರಿಗೆ ಕಡಿಮೆ ಮಾಡಿದರು, ಆದರೆ ಚೆಕ್ ಕಳಿಸಲಿಲ್ಲ. ಸಂಬಳದಲ್ಲಿ ಪ್ರತಿ ಸಲ ಹಿಡಿಯುವ ತೆರಿಗೆಯನ್ನೇ ಸ್ವಲ್ಪ ತಗ್ಗಿಸಿದರು. ಎಷ್ಟೋ ಜನರಿಗೆ ತೆರಿಗೆ ಇಳಿದದ್ದು ಗೊತ್ತೇ ಆಗಲಿಲ್ಲ.

ಇದನ್ನು ಮಾಡಿದವರ ಲೆಕ್ಕ ಏನಂದರೆ, ದೊಡ್ಡ ಮೊತ್ತ ಒಟ್ಟಿಗೆ ಬಂದರೆ ಜನ ಎತ್ತಿಡುತ್ತಾರೆ, ಚೂರು ಚೂರಾಗಿ ಬಂದರೆ ಗೊತ್ತಾಗದಂತೆ ಖರ್ಚಾಗುತ್ತದೆ ಅಂತ. ಜನರನ್ನೇ ಕೇಳಿ ನೋಡಿದ ಸಮೀಕ್ಷೆಯಲ್ಲಿ ಬಂದದ್ದು ಉಲ್ಟಾ. 2008ರ ಒಂದೇ ಕಂತಿನ ಹಣವನ್ನು ಹೆಚ್ಚಾಗಿ ಖರ್ಚೇ ಮಾಡಿದೆವು ಅಂದವರು ಶೇ 25. ಸಂಬಳದಲ್ಲಿ ಉಳಿದ ಹಣದ ಬಗ್ಗೆ ಹಾಗೆ ಹೇಳಿದವರು ಶೇ 13. ಹಾಗಾಗಿ ಎದುರಿನವರು ರಿಬೇಟ್ ಅಂದ ಕೂಡಲೇ "ಕೈಗೆ ಹೇಗೆ ಬರುತ್ತದೆ?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಅವರ ವಾದ ಅಲ್ಲೇ ಅರ್ಧ ಸಡಿಲ.

ಇನ್ನೊಂದು ಪ್ರಶ್ನೆಯೂ ಇಲ್ಲೇ ಕೇಳಬೇಕು. ತೆರಿಗೆಯನ್ನೇ ಕಟ್ಟದಷ್ಟು ಕಡಿಮೆ ಆದಾಯದವರಿಗೆ ಏನಾದರೂ ಸಿಗುತ್ತದಾ? 2001ರಲ್ಲಿ ಅಮೆರಿಕ ಕೊಟ್ಟಾಗ ಆದಾಯ ತೆರಿಗೆ ಕಟ್ಟಬೇಕಿದ್ದವರಿಗೆ ಮಾತ್ರ ಸಿಕ್ಕಿತು. 2008ರಲ್ಲಿ ಕನಿಷ್ಠ 3000 ಡಾಲರ್ ದುಡಿಮೆ ಇದ್ದರೆ ತೆರಿಗೆ ಇಲ್ಲದವರಿಗೂ 300 ಡಾಲರ್ ಕೊಟ್ಟರು, ಮೇಲಿನ ಕಡೆ 75,000 ಡಾಲರ್ ಆದಾಯ ದಾಟಿದವರಿಗೆ ಇಳಿಸುತ್ತಾ ಹೋದರು. ಕೈಯಲ್ಲಿ ಕಾಸಿಲ್ಲದವರು ಬಂದದ್ದನ್ನು ಬೇಗ ಖರ್ಚು ಮಾಡುತ್ತಾರೆ, ಅಲ್ವಾ? ಅವರನ್ನೇ ಹೊರಗಿಟ್ಟು ಖರ್ಚು ಹೆಚ್ಚಲಿ ಅಂದರೆ ಹೇಗೆ? ನನ್ನ ಪ್ರಕಾರ ವಿರೋಧಿಸುವವರಿಗೆ ಇಷ್ಟು ಸುಲಭದ ಅಸ್ತ್ರ ಇನ್ನೊಂದಿಲ್ಲ, ಆದರೂ ಇದನ್ನು ಬಳಸುವವರು ಕಡಿಮೆ.

ನೂರರಲ್ಲಿ ಎಷ್ಟು ಖರ್ಚಾಗುತ್ತದೆ? ಇಡೀ ಜಗಳ ಇರೋದೇ ಇಲ್ಲಿ

ಒಂದು ಚಿಕ್ಕ ಲೆಕ್ಕ ಬಾಯಲ್ಲೇ ಹೇಳೋಕೆ ಬರಬೇಕು. ಒಬ್ಬರಿಗೆ 100 ಕೊಟ್ಟಿರಿ, ಅವರು 60 ಖರ್ಚು ಮಾಡಿದರು ಅಂದುಕೊಳ್ಳಿ. ಆ 60 ಇನ್ನೊಬ್ಬರ ಆದಾಯ. ಅವರೂ ಅದೇ ಪ್ರಮಾಣದಲ್ಲಿ 36 ಖರ್ಚು ಮಾಡಿದರೆ, ಮುಂದಿನವರು ಸುಮಾರು 22. ಹೀಗೇ ಕೂಡುತ್ತಾ ಹೋದರೆ ಒಟ್ಟು 150 ಆಗುತ್ತದೆ. ಈಗ 60ರ ಬದಲು 30 ಹಾಕಿ ನೋಡಿ. 30, ಆಮೇಲೆ 9, ಆಮೇಲೆ ಮೂರಕ್ಕೂ ಕಡಿಮೆ. ಒಟ್ಟು 43ರ ಆಸುಪಾಸು. ಸರ್ಕಾರ ಕೊಟ್ಟದ್ದು ಅದೇ 100. ಫಲ ಮಾತ್ರ ಮೂರನೇ ಒಂದು ಭಾಗಕ್ಕೂ ಕಡಿಮೆ. ನಿಜ ಜೀವನದಲ್ಲಿ ಪ್ರತಿ ಸುತ್ತಿನಲ್ಲೂ ತೆರಿಗೆ ಕಟ್ ಆಗುತ್ತದೆ, ಆಮದು ಮಾಲಿಗೆ ಹೋದ ದುಡ್ಡು ದೇಶದ ಹೊರಗೆ ಹರಿಯುತ್ತದೆ, ಹಾಗಾಗಿ ಎರಡೂ ಸಂಖ್ಯೆ ಇನ್ನೂ ಇಳಿಯುತ್ತವೆ.

ಹಾಗಾದರೆ ನಿಜವಾದ ಸಂಖ್ಯೆ 60ರ ಕಡೆಗಾ, 30ರ ಕಡೆಗಾ? ಅರ್ಥಶಾಸ್ತ್ರಜ್ಞ ಕೇನ್ಸ್ ದಾರಿಯವರು ಆದಾಯ ಬಂದರೆ ಖರ್ಚು ಏರುತ್ತದೆ ಅಂದರು. 1957ರಲ್ಲಿ ಮಿಲ್ಟನ್ ಫ್ರೀಡ್‌ಮನ್, ಜನ ಖರ್ಚು ಮಾಡುವುದು ಇವತ್ತಿನ ಆದಾಯ ನೋಡಿ ಅಲ್ಲ, ಬಹಳ ಕಾಲಕ್ಕೆ ಎಷ್ಟು ಬರುತ್ತದೆ ಅನ್ನೋ ಅಂದಾಜು ನೋಡಿ ಅಂದರು. ಹಾಗಿದ್ದರೆ ಒಂದೇ ಸಲ ಬಂದ ಚೆಕ್‌ನಿಂದ ಜಾಸ್ತಿ ಏನೂ ಆಗಲ್ಲ. 1974ರಲ್ಲಿ ರಾಬರ್ಟ್ ಬ್ಯಾರೋ ಇನ್ನೂ ಮುಂದೆ ಹೋದರು. ಸರ್ಕಾರ ಸಾಲ ಮಾಡಿ ಕೊಟ್ಟರೆ ಮುಂದೆ ತೆರಿಗೆ ಏರುತ್ತದೆ ಅಂತ ಜನ ಲೆಕ್ಕ ಹಾಕಿ ಪೂರ್ತಿ ಎತ್ತಿಡುತ್ತಾರೆ ಅನ್ನೋದು ಆ ವಾದ. ಕೇಳೋಕೆ ಚೆನ್ನಾಗಿದೆ. ತಿಂಗಳ ಕೊನೆಗೆ ಖಾತೆ ಖಾಲಿ ಆಗಿರುವ ಮನುಷ್ಯ ಇಪ್ಪತ್ತು ವರ್ಷ ಆಚೆಯ ತೆರಿಗೆ ನೆನೆದು ಖರ್ಚಿಗೆ ಕೈ ಬಿಗಿಹಿಡಿಯುತ್ತಾನೆ ಅಂದರೆ ನನಗಂತೂ ನಂಬಿಕೆ ಬರಲ್ಲ.

ಸಿದ್ಧಾಂತದಲ್ಲೇ ಸುತ್ತಬೇಡಿ, 2001ಕ್ಕೆ ಬನ್ನಿ. ಆ ವರ್ಷ ಚೆಕ್‌ಗಳನ್ನು ಒಂದೇ ದಿನ ಕಳಿಸೋಕೆ ಆಗುತ್ತಿರಲಿಲ್ಲ. ಅದಕ್ಕೇ ಸೋಶಿಯಲ್ ಸೆಕ್ಯುರಿಟಿ ನಂಬರಿನ, ಅಂದರೆ ಅಲ್ಲಿನವರ ಗುರುತಿನ ಸಂಖ್ಯೆಯ, ಕೊನೆಯ ಎರಡು ಅಂಕಿ ನೋಡಿ, ಜುಲೈ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ವಾರ ವಾರ ಕಳಿಸಿದರು. ಆ ಎರಡು ಅಂಕಿಗೂ ಮನುಷ್ಯನ ಸಂಬಳಕ್ಕೂ ಸ್ವಭಾವಕ್ಕೂ ಏನೂ ಸಂಬಂಧ ಇಲ್ಲ. ಅಂದರೆ ಅದು ಲಾಟರಿ ಎತ್ತಿದ ಹಾಗೆಯೇ ಆಯಿತು. ಒಂದೇ ತರಹದ ಎರಡು ಮನೆ, ಒಂದಕ್ಕೆ ಚೆಕ್ ಬಂದಿದೆ, ಇನ್ನೊಂದಕ್ಕೆ ಇನ್ನೂ ಬಂದಿಲ್ಲ. ಎರಡರ ಖರ್ಚಿನ ವ್ಯತ್ಯಾಸ ನೋಡಿದರೆ ಚೆಕ್ ಏನು ಮಾಡಿತು ಅಂತ ಗೊತ್ತಾಗುತ್ತದೆ. ಜಾನ್ಸನ್, ಪಾರ್ಕರ್, ಸುಲೆಲಿಸ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಹೀಗೇ ಅಳೆದರು. ಚೆಕ್ ಬಂದ ಮೂರು ತಿಂಗಳ ಅವಧಿಯಲ್ಲಿ ಬೇಗ ಮುಗಿಯುವ ಸಾಮಾನು, ಸೇವೆಗಳ ಮೇಲೇ ಶೇ 20ರಿಂದ 40ರಷ್ಟು ಖರ್ಚಾಗಿತ್ತು. ಮುಂದಿನ ಮೂರು ತಿಂಗಳನ್ನೂ ಸೇರಿಸಿದರೆ ಸುಮಾರು ಮೂರನೇ ಎರಡು ಭಾಗ. ಉಳಿತಾಯ ಇಲ್ಲದ, ಆದಾಯ ಕಡಿಮೆ ಇರುವ ಮನೆಗಳಲ್ಲಿ ಇನ್ನೂ ಜೋರು. ಪರ ವಾದಿಸುವವರಿಗೆ ಇದಕ್ಕಿಂತ ಗಟ್ಟಿ ಆಧಾರ ಸಿಗುವುದು ಕಷ್ಟ.

ಎದುರಿನವರು ಸುಮ್ಮನಿರಲ್ಲ. ಶಾಪಿರೊ, ಸ್ಲೆಮ್ರಾಡ್ ಅನ್ನೋ ಅರ್ಥಶಾಸ್ತ್ರಜ್ಞರ ಸಮೀಕ್ಷೆ ತೆಗೆಯುತ್ತಾರೆ. 2001ರಲ್ಲಿ ಚೆಕ್ ಬಗ್ಗೆ ಕೇಳಿದಾಗ "ಹೆಚ್ಚಿನ ಭಾಗ ಖರ್ಚು ಮಾಡುತ್ತೇವೆ" ಅಂದವರು ಶೇ 22 ಮಾತ್ರ. ಉಳಿದವರು ಎತ್ತಿಡುತ್ತೇವೆ ಅಥವಾ ಸಾಲ ತೀರಿಸುತ್ತೇವೆ ಅಂದರು. "ನೋಡಿ, ನೂರರಲ್ಲಿ 22 ಖರ್ಚಾಯಿತು ಅಷ್ಟೇ" ಅಂತ ಅವರು ಅಂದ ಕೂಡಲೇ ಅಲ್ಲೇ ತಡೆಯಿರಿ. ಶೇ 22 ಅನ್ನೋದು ತಲೆ ಎಣಿಕೆ, ದುಡ್ಡಿನ ಎಣಿಕೆ ಅಲ್ಲ. ಹೆಚ್ಚಿನ ಭಾಗ ಎತ್ತಿಟ್ಟವರೂ ಸ್ವಲ್ಪ ಖರ್ಚು ಮಾಡಿರುತ್ತಾರೆ. ಇದೇ ಬಗೆಯ ಉತ್ತರಗಳನ್ನು ದುಡ್ಡಿನ ಲೆಕ್ಕಕ್ಕೆ ತಿರುಗಿಸಿದಾಗ ಆ ಸಂಶೋಧಕರಿಗೇ ಸಿಕ್ಕದ್ದು ಮೂರನೇ ಒಂದು ಭಾಗದ ಆಸುಪಾಸು. ತಲೆ ಎಣಿಕೆ ಮತ್ತು ದುಡ್ಡಿನ ಎಣಿಕೆ ಬೆರೆಸುವುದು ಈ ಚರ್ಚೆಯಲ್ಲಿ ತುಂಬಾ ಸಾಮಾನ್ಯ, ಎರಡೂ ಕಡೆಯವರು ಮಾಡುತ್ತಾರೆ. ಇನ್ನು 2008ರ ಬಗ್ಗೆ ಬಂದ ಮೊದಲ ಅಧ್ಯಯನ ಕಾರು ಖರೀದಿಯನ್ನೂ ಸೇರಿಸಿ ಶೇ 50ರಿಂದ 90ರವರೆಗೆ ಖರ್ಚಾಯಿತು ಅಂದಿತ್ತು. ಆಮೇಲೆ ಬಂದವರು ಬೇರೆ ವಿಧಾನದಲ್ಲಿ ಅಳೆದು ಅದನ್ನು ಸಾಕಷ್ಟು ಕೆಳಗಿಳಿಸಿದ್ದಾರೆ. ಆ ದೊಡ್ಡ ಸಂಖ್ಯೆಯನ್ನೇ ನಂಬಿಕೊಂಡು ಹೋದರೆ ಪಾಟೀಸವಾಲಿನಲ್ಲಿ ಸಿಕ್ಕಿಬೀಳುತ್ತೀರಿ.

ಸಾಲ ತೀರಿಸಿದ್ದು ವ್ಯರ್ಥವಾ? ಲೆಕ್ಕದಲ್ಲಿ ಅದು ಉಳಿತಾಯವೇ. ಈ ತಿಂಗಳ ವ್ಯಾಪಾರಕ್ಕೆ ಅದರಿಂದ ಏನೂ ಸಿಗಲ್ಲ. ಆದರೆ ಸಾಲದ ಹೊರೆ ಇಳಿದ ಮನೆ ಮುಂದಿನ ವರ್ಷ ಧೈರ್ಯವಾಗಿ ಖರ್ಚು ಮಾಡಬಹುದು ಅಂತ ಪರ ಇರುವವರು ಹೇಳಬಹುದು, ಅದರಲ್ಲಿ ಹುರುಳೂ ಇದೆ. ಆದರೆ ಹಾಗೆ ಹೇಳಿದ ಕ್ಷಣವೇ "ತಕ್ಷಣ ಚೇತರಿಕೆ" ಅನ್ನೋ ಮಾತನ್ನು ಅವರು ಬಿಟ್ಟುಕೊಟ್ಟ ಹಾಗೆ. ಅದನ್ನು ಗಮನಿಸಿ, ಗಟ್ಟಿಯಾಗಿ ಹೇಳಿ.

ದಿನಾಂಕಗಳನ್ನು ಬಾಯಿಪಾಠ ಮಾಡಿಕೊಳ್ಳಿ

ರಿಬೇಟ್‌ನ ದೊಡ್ಡ ಹೆಗ್ಗಳಿಕೆ ವೇಗ. ಸೇತುವೆ ಕಟ್ಟೋಕೆ ವರ್ಷಗಟ್ಟಲೆ ಬೇಕು, ಚೆಕ್ ಕೆಲವೇ ವಾರಗಳಲ್ಲಿ ಹೋಗುತ್ತದೆ. ಆದರೆ ಕಾನೂನು ಮಾಡೋಕೂ ಸಮಯ ಬೇಕಲ್ಲ. 1975ರಲ್ಲಿ ಅಧ್ಯಕ್ಷ ಫೋರ್ಡ್ ರಿಬೇಟ್ ಮಸೂದೆಗೆ ಸಹಿ ಹಾಕಿದ್ದು ಮಾರ್ಚ್ 29ಕ್ಕೆ. ಅಮೆರಿಕದ ಆಗಿನ ಆರ್ಥಿಕ ಹಿಂಜರಿತ ಮುಗಿದದ್ದೂ ಅದೇ ಮಾರ್ಚ್‌ನಲ್ಲಿ! ಜನರ ಕೈಗೆ ದುಡ್ಡು ಸೇರುವ ಹೊತ್ತಿಗೆ ಆರ್ಥಿಕತೆ ತಾನಾಗಿಯೇ ಏಳೋಕೆ ಶುರು ಮಾಡಿತ್ತು. 2001ರಲ್ಲಿ ಉಲ್ಟಾ ಕಥೆ. ತೆರಿಗೆ ಇಳಿಸುವ ಯೋಜನೆ ಹುಟ್ಟಿದ್ದೇ ಬಜೆಟ್‌ನಲ್ಲಿ ಹಣ ಮಿಗುತ್ತಿದ್ದ ಕಾಲದಲ್ಲಿ, ಹಿಂಜರಿತ ನಡುವೆ ಬಂದು ಸೇರಿಕೊಂಡಿತು. ಸಮಯ ಸರಿಯಾಗಿ ಕೂಡಿಬಂದದ್ದು ಅದೃಷ್ಟ, ಜಾಣತನ ಅಲ್ಲ. 2008ರಲ್ಲಿ ಫೆಬ್ರವರಿಗೇ ಸಹಿ ಬಿತ್ತು. ಹಿಂಜರಿತ 2007ರ ಡಿಸೆಂಬರ್‌ನಲ್ಲೇ ಶುರುವಾಗಿತ್ತು ಅಂತ ಅಧಿಕೃತವಾಗಿ ಹೇಳಿದ್ದು 2008ರ ಡಿಸೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಚೆಕ್‌ಗಳು ಬಂದು ಖರ್ಚೂ ಆಗಿದ್ದವು. ಹಾಗಾಗಿ ಅದು ವೇಗಕ್ಕೆ ನಿಜವಾಗಲೂ ಒಳ್ಳೆಯ ಉದಾಹರಣೆ.

"ಆದರೂ 2008ರಲ್ಲಿ ಎಲ್ಲಾ ಕುಸಿಯಿತಲ್ಲ" ಅನ್ನುತ್ತಾರೆ. ಅದು ಪುರಾವೆ ಅಲ್ಲ. ರಿಬೇಟ್ ಇಲ್ಲದಿದ್ದರೆ ಎಷ್ಟು ಕುಸಿಯುತ್ತಿತ್ತು ಅನ್ನೋದರ ಜೊತೆ ಹೋಲಿಸಬೇಕು. ಇದೇ ನಿಯಮ ನಿಮಗೂ ಅನ್ವಯ. ಚೆಕ್ ಬಂದ ಮೇಲೆ ಆರ್ಥಿಕತೆ ಎದ್ದರೆ ಅದು ಚೆಕ್‌ನಿಂದಲೇ ಎದ್ದಿತು ಅಂತ ಅರ್ಥ ಅಲ್ಲ.

ದುಡ್ಡು ಎಲ್ಲಿಂದ ಬಂತು, ಎಂಥ ಕಾಲದಲ್ಲಿ ಬಂತು

ಹಿಂಜರಿತದಲ್ಲಿ ಇದು ಸಾಮಾನ್ಯವಾಗಿ ಸಾಲದ ದುಡ್ಡು. ಕಾರ್ಖಾನೆಗಳು ಅರ್ಧ ನಿಂತು, ಕೆಲಸ ಇಲ್ಲದ ಕೈಗಳು ಜಾಸ್ತಿ ಇದ್ದರೆ ಹೊಸ ಬೇಡಿಕೆ ಬಂದಾಗ ಉತ್ಪಾದನೆ ಏರುತ್ತದೆ. ಎಲ್ಲಾ ಆಗಲೇ ಪೂರ್ತಿ ಓಡುತ್ತಿದ್ದರೆ, ಇಲ್ಲವೇ ಮಾಲೇ ಸಿಗದಂತಿದ್ದರೆ, ಅದೇ ಬೇಡಿಕೆ ಬೆಲೆ ಏರಿಸುತ್ತದೆ. ಅಮೆರಿಕ 2020ರಲ್ಲಿ ಒಬ್ಬರಿಗೆ 1200 ಡಾಲರ್, ವರ್ಷದ ಕೊನೆಯಲ್ಲಿ ಒಪ್ಪಿಗೆಯಾದ 600, 2021ರಲ್ಲಿ ಮತ್ತೆ 1400 ಕೊಟ್ಟಿತು. 2022ರ ಜೂನ್‌ನಲ್ಲಿ ಅಲ್ಲಿನ ಹಣದುಬ್ಬರ ಶೇ 9.1 ಮುಟ್ಟಿತು. ವಿರೋಧಿಸುವವರು ಇದನ್ನು ಖಂಡಿತ ಎತ್ತುತ್ತಾರೆ. ಉತ್ತರ ಸಿದ್ಧ ಇರಲಿ. ಎಲ್ಲರಿಗೂ ಚೆಕ್ ಹಂಚುವ ಬದಲು ಸಂಬಳಕ್ಕೆ ನೆರವು ಕೊಟ್ಟು ಕೆಲಸ ಉಳಿಸಲು ಹೊರಟ ಬ್ರಿಟನ್‌ನಲ್ಲೂ 2022ರ ಅಕ್ಟೋಬರ್‌ನಲ್ಲಿ ಶೇ 11.1 ಆಗಿತ್ತು, ಯುದ್ಧ, ಇಂಧನ, ಸರಬರಾಜಿನ ತೊಡಕು ಎಲ್ಲಾ ಸೇರಿತ್ತು. ಆದರೆ ಚೆಕ್‌ಗಳ ಪಾಲು ಸೊನ್ನೆ ಅಂತ ಹಠ ಹಿಡಿಯಬೇಡಿ. ಮೊದಲ ಕಂತನ್ನು ಸಮರ್ಥಿಸಿ, ಮೂರನೆಯದು ಚೇತರಿಕೆ ಶುರುವಾದ ಮೇಲೆ ಬಂತು ಅಂತ ಒಪ್ಪಿಕೊಂಡರೆ ನಿಮ್ಮ ಮಾತಿಗೇ ತೂಕ.

"ಬೇರೆ ಏನು ಮಾಡಬೇಕಿತ್ತು?" ಅಂತ ಕೇಳದೆ ಬಿಡಬೇಡಿ

ವಿರೋಧಿಸುವವರನ್ನು ಇಕ್ಕಟ್ಟಿಗೆ ತರುವ ಪ್ರಶ್ನೆ ಇದೊಂದೇ. ಏನೂ ಮಾಡಬಾರದಿತ್ತಾ? ಕೆಲಸ ಕಳೆದುಕೊಂಡವರ ಭತ್ಯೆ ಹೆಚ್ಚಿಸಬೇಕಿತ್ತಾ? ಭತ್ಯೆಯ ವಾದ ಬಲವಾದದ್ದು, ಯಾಕೆಂದರೆ ಅದು ನೇರವಾಗಿ ಖರ್ಚು ಮಾಡಲೇಬೇಕಾದವರ ಕೈ ಸೇರುತ್ತದೆ. ನಾನು ವಿರೋಧದ ಕಡೆ ಕೂತರೆ ಇದನ್ನೇ ಹಿಡಿಯುತ್ತೇನೆ. ಕೂಪನ್ ಕೊಡಬೇಕಿತ್ತು ಅಂದರೆ ಮಾತ್ರ 1999ರ ಜಪಾನ್ ನೆನಪಿಸಿ. ಮಕ್ಕಳಿರುವ ಮನೆಗಳಿಗೆ ಮಗುವಿಗೆ ತಲಾ 20,000 ಯೆನ್‌ನ, ಕೆಲವು ವರ್ಗದ ಹಿರಿಯರಿಗೂ ತಲಾ ಅಷ್ಟೇ ಮೊತ್ತದ ಕೂಪನ್ ಕೊಟ್ಟು, ಆರು ತಿಂಗಳಲ್ಲಿ ಬಳಸಲೇಬೇಕು ಅಂದರು. ಕೂಪನ್ ಪೂರ್ತಿ ಬಳಕೆಯಾದರೂ ಹೊಸ ಖರ್ಚು ಅಷ್ಟೇ ಹುಟ್ಟಿತು ಅಂತ ಹೇಳೋಕಾಗಲ್ಲ. ಹೇಗಿದ್ದರೂ ಕೊಳ್ಳಬೇಕಿದ್ದ ಸಾಮಾನನ್ನು ಕೂಪನ್‌ನಲ್ಲಿ ಕೊಂಡು, ಉಳಿದ ನೋಟನ್ನು ಬ್ಯಾಂಕಿಗೆ ಹಾಕಬಹುದಲ್ಲ.

ಚರ್ಚೆ ಸ್ಪರ್ಧೆಯಾದರೆ ಮೊದಲ ನಿಮಿಷದಲ್ಲೇ ನಿಮ್ಮ ಮಿತಿ ಹೇಳಿಬಿಡಿ: ಇಂಥ ಆದಾಯದ ಒಳಗಿನವರಿಗೆ, ಹಿಂಜರಿತದ ಮೊದಲ ಆರು ತಿಂಗಳಲ್ಲಿ, ಒಂದೇ ಕಂತಿನಲ್ಲಿ. ಹೀಗೆ ಹೇಳಿದರೆ ಎದುರಿನವರು ಶ್ರೀಮಂತರಿಗೂ ಕೊಟ್ಟಿರಿ, ತಡವಾಗಿ ಕೊಟ್ಟಿರಿ ಅಂತ ಆಡುವ ಅರ್ಧ ವಾದ ನಿಮಗೆ ತಾಗುವುದೇ ಇಲ್ಲ. ವಿರೋಧದ ಕಡೆ ಇದ್ದರೆ ಅವರು ಆ ಮಿತಿ ಹೇಳೋವರೆಗೂ ಬಿಡಬೇಡಿ. ಹೇಳಿದ ಮೇಲೆ, ನಿಜವಾದ ಸಂಸತ್ತಿನಲ್ಲಿ ಮತ ಕೇಳುವವರು ಅಷ್ಟು ಕಿರಿದಾದ ಪಟ್ಟಿ ಇಟ್ಟುಕೊಂಡು ಮಸೂದೆ ಪಾಸು ಮಾಡಿಸುತ್ತಾರಾ ಅಂತ ಕೇಳಿ.