ಮಾರಿ ಕಣಿವೆಗೆ ಹೋಗುವವರಿಗೆ ನಾಲ್ಕು ಮಾತು

ನಮ್ಮ ಮನೆ ಇರೋದು ಹಿರಿಯೂರಿನಲ್ಲಿ. ನಲ್ಲಿಯಲ್ಲಿ ಬರೋದು ವಾಣಿವಿಲಾಸ ಸಾಗರದ, ಅಂದರೆ ಮಾರಿ ಕಣಿವೆ ಡ್ಯಾಂನ ನೀರೇ. ಚಿತ್ರದುರ್ಗಕ್ಕೂ ಅಲ್ಲಿಂದಲೇ. ಹಾಗಾಗಿ ನೆಂಟರು ಬಂದರೆ ಮೊದಲು ಡ್ಯಾಂ ತೋರಿಸಬೇಕು, ಅಲ್ವಾ?

ಬೆಳಿಗ್ಗೆ ಬೇಗ ಹೊರಡಿ. ಹನ್ನೊಂದರ ಮೇಲೆ ಕಟ್ಟೆಯ ಕಲ್ಲು ಕಾದ ಹೆಂಚಿನ ಹಾಗಿರುತ್ತದೆ. ಮೊದಲು ಕಣಿವೆ ಮಾರಮ್ಮನಿಗೆ ಕೈ ಮುಗಿಯಿರಿ, ಆಮೇಲೆ ಕಟ್ಟೆ ನೋಡಿ. 1907ರಲ್ಲಿ ಮುಗಿದ ಕೆಲಸ ಇದು. ಎರಡು ಗುಡ್ಡಗಳ ಸಂದಿಗೆ ಗೋಡೆ ಹಾಕಿ ವೇದಾವತಿ ನದಿಯನ್ನು ಹಿಡಿದಿದ್ದಾರೆ.

ಹೊರಡುವ ಮೊದಲು ನೀರಿನ ಮಟ್ಟ ವಿಚಾರಿಸಿ. 130 ಅಡಿ ಮುಟ್ಟಿದರೆ ಕೋಡಿ ಬೀಳುತ್ತದೆ. 1933ರಲ್ಲಿ ಬಿದ್ದದ್ದು, ಮತ್ತೆ ಬಿದ್ದದ್ದು 2022ಕ್ಕೆ! ಆವತ್ತು ನಮ್ಮಜ್ಜಿ ಕುಂಕುಮ, ಬಾಳೆಹಣ್ಣು ಹಿಡಿದು ಬಂದಿದ್ದರು. ನೀರು ನೋಡಿ ಮಾತೇ ಆಡಲಿಲ್ಲ, ಸುಮ್ನೆ ಸೆರಗಿನಿಂದ ಕಣ್ಣೊರೆಸಿಕೊಂಡರು. 2025ರ ಜನವರಿಯಲ್ಲೂ ಕೋಡಿ ಬಿತ್ತು.

ಕೋಡಿ ಹರಿಯುವಾಗ ಕಲ್ಲಿನ ಮೇಲೆ ಕಾಲಿಡಬೇಡಿ. ಪಾಚಿ ಕಣ್ಣಿಗೆ ಕಾಣೋದಿಲ್ಲ. ಸೆಲ್ಫಿಗೆ ಅಂತ ಒಂದು ಹೆಜ್ಜೆ ಮುಂದಿಟ್ಟು ನಾನು ಮೊಣಕಾಲು ಕೆತ್ತಿಸಿಕೊಂಡೆ, ಹೊಸ ಚಪ್ಪಲಿ ತೇಲಿಹೋಯಿತು. ಹಿನ್ನೀರಿಗಂತೂ ಈಜಲು ಇಳಿಯಲೇಬೇಡಿ, ಆಳ ಗೊತ್ತಾಗೋದಿಲ್ಲ.

ತಿನ್ನೋಕೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಳ್ಳಿ. ಖಾಲಿ ಪ್ಲಾಸ್ಟಿಕ್ ಕವರು ವಾಪಸ್ ತನ್ನಿ. ನಾವು ಕುಡಿಯೋ ನೀರು ಕಣ್ರೀ ಅದು.