ತುಟಿಗೆ ಸೂಜಿ ಹಾಕುವ ಮೊದಲು

ಮುಂಬಯಿಯ ಮಾಟುಂಗಾದ ನನ್ನ ಕ್ಲಿನಿಕ್ಕಿಗೆ ತುಟಿ ತುಂಬಿಸಿಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಮದುವೆ ನಿಶ್ಚಯವಾದ ಹುಡುಗಿಯರು. ಡೊಂಬಿವಲಿಯಿಂದಲೋ ಥಾಣೆಯಿಂದಲೋ ತಾಯಿಯ ಜೊತೆ ಬರುತ್ತಾರೆ. ತಾಯಿಗೆ ಇದು ಸುತರಾಂ ಇಷ್ಟವಿಲ್ಲ ಎಂಬುದು ಆಕೆ ಕುರ್ಚಿ ಎಳೆಯುವ ಸದ್ದಿನಲ್ಲೇ ತಿಳಿಯುತ್ತದೆ. ನಾನು ಮೊದಲು ಕೇಳುವುದು ಮುಹೂರ್ತದ ದಿನಾಂಕ. ಎರಡು ವಾರಗಳೂ ಉಳಿದಿಲ್ಲವಾದರೆ ಸೂಜಿ ಮುಟ್ಟುವುದಿಲ್ಲ. ಬಾವು, ನೀಲಿಗಟ್ಟುವಿಕೆ ಮುಹೂರ್ತ ನೋಡಿಕೊಂಡು ಇಳಿಯುವುದಿಲ್ಲ.

ತುಟಿ ದಪ್ಪಗಾಣಿಸಲು ಒಳಗೆ ಚುಚ್ಚುವ ವಸ್ತುವಿಗೆ ಫಿಲ್ಲರ್ ಎನ್ನುತ್ತಾರೆ. ನಾನು ಬಳಸುವುದು ಹಯಲುರಾನಿಕ್ ಆಮ್ಲದ (ನಮ್ಮ ಚರ್ಮದಲ್ಲೂ ಸಹಜವಾಗಿರುವ ವಸ್ತು) ಜೆಲ್ ಮಾತ್ರ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದಲ್ಲಿ ಕರಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೇಕೆಂದಾಗ ಹಯಲುರಾನಿಡೇಸ್ ಎಂಬ ಕಿಣ್ವದಿಂದ ಕರಗಿಸಬಹುದು. ಕೆಲವರು ತುಂಬುವ ಸಿಲಿಕೋನ್‌ಗೆ ಅಂಥ ಮದ್ದಿಲ್ಲ. ಟ್ರೇಯಲ್ಲಿ ಹಯಲುರಾನಿಡೇಸ್ ಇಲ್ಲದಿದ್ದರೆ ಫಿಲ್ಲರಿನ ಪೊಟ್ಟಣ ಒಡೆಯುವುದಿಲ್ಲ. ಬೇರೆ ಕಡೆ ಹೋಗುವವರಿಗೂ ಹೇಳುತ್ತೇನೆ: ಬೆಲೆಗಿಂತ ಮೊದಲು ಅದಿದೆಯೇ ಎಂದು ಕೇಳಿ.

ಭಯವಿರುವುದು ರಕ್ತನಾಳದ್ದು. ತುಟಿಯ ಧಮನಿ ಬಹುತೇಕರಲ್ಲಿ ಒಳಮೈಗೆ ಹತ್ತಿರ ಹರಿಯುತ್ತದೆ, ಆದರೆ ಎಲ್ಲರಲ್ಲೂ ಒಂದೇ ದಾರಿಯಲ್ಲಲ್ಲ. ಜೆಲ್ ಅದರೊಳಗೆ ಹೊಕ್ಕರೆ ಅಥವಾ ಅದನ್ನು ಒತ್ತಿದರೆ ಆ ಭಾಗ ಬಿಳಚುತ್ತದೆ, ಬಲೆಯಂತೆ ನೇರಳೆ ಗೆರೆಗಳು ಮೂಡುತ್ತವೆ, ತಡಮಾಡಿದರೆ ಚರ್ಮ ಸಾಯುತ್ತದೆ. ಜೆಲ್‌ನಲ್ಲೇ ಮರಗಟ್ಟಿಸುವ ಔಷಧ ಲಿಡೊಕೇನ್ ಬೆರೆತಿರುವುದರಿಂದ ನೋವು ಆ ಕ್ಷಣಕ್ಕೆ ಗೊತ್ತಾಗದಿರಬಹುದು. ನಮ್ಮವರ ಕಪ್ಪು ತುಟಿಗಳಲ್ಲಿ ಬಿಳಚಿದ್ದೂ ಸುಲಭವಾಗಿ ಕಾಣದು. ಹೀಗಾಗಿ ಪ್ರತಿ ಚುಚ್ಚಿನ ನಂತರ ತುಟಿ ಮಡಚಿ ಒಳಭಾಗ ನೋಡುತ್ತೇನೆ, ಬೆರಳಿನಿಂದ ಒತ್ತಿ ಬಿಡುತ್ತೇನೆ. ಬಣ್ಣ ಕೂಡಲೇ ಮರಳದಿದ್ದರೆ ಅಲ್ಲಿಗೇ ನಿಲ್ಲಿಸಿ ಕರಗಿಸುವ ಕೆಲಸ ಶುರು. ಮೊದಲ ಸಲಕ್ಕೆ ಅರ್ಧ ಮಿಲಿಲೀಟರ್ ಸಾಕು. ಪೂರ್ತಿ ಸಿರಿಂಜ್ ಎಂದರೂ ಒಂದು ಮಿಲಿಲೀಟರ್, ಟೀ ಚಮಚದ ಐದರಲ್ಲಿ ಒಂದು ಪಾಲು! ತುಟಿಯಂಚಿನಲ್ಲಿ ಆಗಾಗ ಹರ್ಪಿಸ್ ಗುಳ್ಳೆ ಏಳುವವರಿಗೆ ಮುಂಚಿತವಾಗಿ ಮಾತ್ರೆ ಕೊಡುತ್ತೇನೆ. ಬಸುರಿಯರಿಗೆ, ಹಾಲೂಡಿಸುವವರಿಗೆ ಮಾಡುವುದಿಲ್ಲ.

ಸೂಜಿಯಿಲ್ಲದ ಪೆನ್ನಿನಿಂದ ಪಾರ್ಲರಿನಲ್ಲಿ ಅಗ್ಗಕ್ಕೆ ಮಾಡುತ್ತಾರಂತೆ ಎನ್ನುವವರೂ ಇದ್ದಾರೆ. ಒತ್ತಡದಿಂದ ಚಿಮ್ಮುವ ಜೆಲ್ ಎಷ್ಟು ಆಳಕ್ಕೆ ಹೋಗುತ್ತದೆಂದು ಹಿಡಿದವರಿಗೇ ತಿಳಿಯದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಇದರ ವಿರುದ್ಧ ಎಚ್ಚರಿಸಿದೆ.

ಬಂದವರಲ್ಲಿ ಹಲವರಿಗೆ ಫಿಲ್ಲರ್ ಬೇಕೇ ಇರುವುದಿಲ್ಲ. ಒಣಗಿ ಸುಲಿದ ತುಟಿ ಚಿಕ್ಕದಾಗಿ ಕಾಣುತ್ತದೆ, ಅಷ್ಟೆ. ನಾಲಿಗೆಯಿಂದ ಸವರುವ ಚಾಳಿ ಬಿಡಿಸಿ, ರಾತ್ರಿ ಪೆಟ್ರೋಲಿಯಂ ಜೆಲ್ಲಿ, ಹಗಲು ಸನ್‌ಸ್ಕ್ರೀನ್ ಇರುವ ಬಾಮ್ ಬರೆದುಕೊಟ್ಟು, ತುಟಿಯಂಚಿಗೆ ಪೆನ್ಸಿಲ್ ಎಳೆಯುವ ಒಳ್ಳೆಯ ಮೇಕಪ್‌ನವಳನ್ನು ಹುಡುಕಿಕೊಳ್ಳಲು ಹೇಳುತ್ತೇನೆ. ಮೆಣಸಿನ ಸತ್ವ ಬೆರೆಸಿದ ಲಿಪ್‌ಗ್ಲಾಸ್ (ತುಟಿಗೆ ಹಚ್ಚುವ ಹೊಳಪು) ತುಟಿ ಉಬ್ಬಿಸುವುದು ಉರಿಯಿಂದ, ನನಗದು ಹಿಡಿಸದು. ಸ್ನಾಯು ಸಡಿಲಿಸುವ ಚುಚ್ಚುಮದ್ದಾದ ಬೊಟಾಕ್ಸ್‌ನ ಕೆಲವು ಹನಿಗಳಿಂದ ಮೇಲ್ದುಟಿಯನ್ನು ಹೊರಕ್ಕೆ ಮಗುಚಬಹುದು, ಎರಡು ಮೂರು ತಿಂಗಳು ನಿಲ್ಲುತ್ತದೆ. ಆದರೆ ಸ್ಟ್ರಾದಲ್ಲಿ ಹೀರುವುದು, ಶಿಳ್ಳೆ ಹಾಕುವುದು ಕಷ್ಟವಾಗುತ್ತದೆ. ಕೊಳಲು ಕಲಿಯುತ್ತಿದ್ದ ಒಬ್ಬಳಿಗೆ ಆ ಕಾರಣಕ್ಕೇ ಬೇಡವೆಂದೆ.

ಮಾಡಿಸಿಕೊಂಡವರಿಗೆ ನನ್ನ ಸ್ವಂತ ಮೊಬೈಲ್ ಸಂಖ್ಯೆ ಕೊಟ್ಟು ಕಳುಹಿಸುತ್ತೇನೆ. ನೋವು ಏರುತ್ತಿದ್ದರೆ, ಬಣ್ಣ ಕೆಟ್ಟರೆ, ನಡುರಾತ್ರಿಯಾದರೂ ಫೋಟೊ ಸಮೇತ ಕರೆ ಬರಬೇಕು.