ಮೊಟ್ಟೆ ತಿನ್ನುವ ಗಂಡು ಮೀನು ಮರಿ ಸಾಕಿದ್ದು

‘ಆ ಗಂಡು ಡಿಸ್ಕಸ್ ಮೀನನ್ನು ಮಾರಿ ಕೈ ತೊಳೆದುಕೋ’ ಎಂದು ನನಗೆ ಹೇಳದೆ ಬಿಟ್ಟವರು ಬಹುಶಃ ನನ್ನ ತಾಯಿ ಒಬ್ಬರೇ. ಅವರ ತಕರಾರು ಬೇರೆ: ಗಸಿಗೆ ಆಗದ ಮೀನಿಗೆ ಇಷ್ಟು ಕರೆಂಟು ಯಾಕೆ?

ಹೆಣ್ಣು ರೆಡ್ ಟರ್ಕಾಯ್ಸ್ ಎಂಬ ತಳಿಯದು, ಐದೂವರೆ ಇಂಚು, ಎರಡು ವರ್ಷ ದಾಟಿದ್ದು. ಬೆಂಗಳೂರಿನಲ್ಲಿ ತೊಟ್ಟಿಗಳನ್ನು ಮುಚ್ಚುತ್ತಿದ್ದ ಗೆಳೆಯರೊಬ್ಬರಿಂದ ನಾಲ್ಕೂವರೆ ಸಾವಿರಕ್ಕೆ ತಂದೆ. ಅಲ್ಲಿಯೇ ಎರಡು ಬಾರಿ ಮರಿ ಸಾಕಿ ಪಳಗಿತ್ತು, ಜೊತೆಗಾರ ಸತ್ತಿತ್ತು. ಗಂಡು ನಾನೇ ಬೆಳೆಸಿದ ಆರು ಮರಿಗಳಲ್ಲಿ ಉಳಿದದ್ದು. ಒಂದು ರಾತ್ರಿ ಹೀಟರ್ ಆಫ್ ಆಗದೆ ಎರಡು ಬೆಂದುಹೋದವು, ಬೇರೆ ಮೂರು ಕಾರಣ ತಿಳಿಯದೆ ಕಪ್ಪಗಾಗಿ ಸತ್ತವು. ಇದಕ್ಕೆ ಆಗ ಹನ್ನೊಂದು ತಿಂಗಳು ಇದ್ದಿರಬೇಕು.

ನೀರಿನ ಲವಣ ತೆಗೆಯುವ ಆರ್‌ಒ ಯಂತ್ರವಿಲ್ಲದೆ ಡಿಸ್ಕಸ್ ಮರಿ ಮಾಡುತ್ತೇನೆ ಎಂದಾಗ ಬೆಂಗಳೂರಿನವರು ನಕ್ಕರು. ಅವರ ಗಡಸು ಬೋರ್‌ವೆಲ್ ನೀರಿಗೆ ಆ ನಗು ಸರಿ. ನಮ್ಮದು ಮಂಗಳೂರಿನ ಕಡೆ ಕೆಂಪುಕಲ್ಲಿನ ಬಾವಿ. ಮಳೆಗಾಲದಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣ, ನಲವತ್ತರ ಹತ್ತಿರ, ಪಿಎಚ್ ಆರರ ಆಸುಪಾಸು. ಏಪ್ರಿಲ್‌ನಲ್ಲಿ ನೂರು ದಾಟಿದರೂ ನನಗೆ ತೊಂದರೆಯಾಗಿಲ್ಲ. ಹದಿನೆಂಟು ಇಂಚಿನ ಚೌಕ ತೊಟ್ಟಿ, ಬರಿ ತಳ, ಗಾಳಿಗುಳ್ಳೆಯಿಂದ ನಡೆಯುವ ಒಂದು ಸ್ಪಂಜ್ ಫಿಲ್ಟರ್, 29 ಡಿಗ್ರಿ. ಮೀನು ಮೊಟ್ಟೆ ಅಂಟಿಸಲು ನಿಲ್ಲಿಸುವ ಮಣ್ಣಿನ ಕೋನ್‌ಗೆ ಅಂಗಡಿಯಲ್ಲಿ ಮುನ್ನೂರು ರೂಪಾಯಿ ಎಂದರು. ಕುಂಬಾರರ ಹತ್ತಿರ ನಲವತ್ತಕ್ಕೆ ಸಿಕ್ಕಿತು. ಅಷ್ಟೆಲ್ಲ ಮಾಡಿದರೂ ಹೆಣ್ಣು ಮೊದಲ ಸಲ ಮೊಟ್ಟೆ ಇಟ್ಟದ್ದು ಫಿಲ್ಟರಿನ ಪೈಪಿನ ಮೇಲೆ!

ಆ ಸಲ ನೂರಿಪ್ಪತ್ತು ಮೊಟ್ಟೆ ಇದ್ದವೇನೋ. ಗಂಡು ಎಲ್ಲವನ್ನೂ ನೋಡುತ್ತಾ ಮೂಲೆಯಲ್ಲಿ ನಿಂತಿತ್ತು. ಮರುದಿನ ಸಂಜೆಗೆ ಎಲ್ಲವೂ ಬಿಳಿ, ಅಂದರೆ ಒಂದೂ ಫಲಿಸಿಲ್ಲ. ಎಂಟು ದಿನಕ್ಕೆ ಎರಡನೆಯ ಬಾರಿ. ಗಂಡು ಗಂಟೆಯೊಳಗೆ ಒಂದೂ ಬಿಡದೆ ನುಂಗಿತು. ಮೂರನೆಯದರಲ್ಲಿ ಹೆಣ್ಣಿನ ಹಿಂದೆಯೇ ಕೋನಿನ ಮೇಲೆ ಸರಿದಾಡಿತು. ಆದರೂ ಮುಕ್ಕಾಲು ಪಾಲು ಬಿಳಿಯಾದವು, ಉಳಿದವನ್ನು ರಾತ್ರಿ ತಿಂದುಮುಗಿಸಿತು. ಕುಳಿತು ಯೋಚಿಸಿದಾಗ ಹೊಳೆದದ್ದು ಗುಳ್ಳೆಗಳ ಸೆಳೆತ. ಅನನುಭವಿ ಗಂಡು ಕೋನಿಗೆ ಅಂಟಿಕೊಂಡು ಹೋಗುವುದಿಲ್ಲ, ಅರ್ಧ ಇಂಚು ದೂರವೇ ಇರುತ್ತದೆ. ಅಷ್ಟರಲ್ಲಿ ಅದು ಬಿಟ್ಟ ವೀರ್ಯವನ್ನೆಲ್ಲ ಫಿಲ್ಟರ್ ಚದುರಿಸಿಬಿಡುತ್ತದೆ. ನಾಲ್ಕನೆಯ ಬಾರಿ ಮೊಟ್ಟೆ ಇಡುವ ಒಂದೂವರೆ ಗಂಟೆ ಗಾಳಿಯನ್ನು ಒಂದೊಂದೇ ಗುಳ್ಳೆಯಾಗಿ ಬರುವಷ್ಟು ಬಿಗಿದೆ. ಅರ್ಧಕ್ಕಿಂತ ಹೆಚ್ಚು ಕಪ್ಪು ಕಣ್ಣು ಬಿಟ್ಟವು!

ಸಂತೋಷ ಒಂದು ದಿನದ್ದು. ಒಡೆದ ಮರಿಗಳನ್ನು ಹೆಣ್ಣು ಬಾಯಲ್ಲಿ ತಂದು ಕೋನಿಗೆ ಅಂಟಿಸುವುದು, ಗಂಡು ಅದನ್ನು ಕಸಿದುಕೊಳ್ಳುವುದು, ಇಬ್ಬರೂ ಕಚ್ಚಾಡುವುದು. ಬೆಳಿಗ್ಗೆ ನೋಡಿದರೆ ಒಂದು ಮರಿಯೂ ಇಲ್ಲ.

ನಡುವೆ ಒಂದು ಅಡ್ಡದಾರಿ ಹಿಡಿದೆ. ಡಿಸ್ಕಸ್ ಮರಿಗಳ ಮೊದಲ ಆಹಾರ ತಂದೆತಾಯಿಯ ಮೈಮೇಲಿನ ಲೋಳೆ. ಮೊಟ್ಟೆಯನ್ನೇ ಬೇರೆ ಮಾಡಿ, ಬೂಸ್ಟು ತಡೆಯಲು ಮಿಥಿಲೀನ್ ಬ್ಲೂ ಹಾಕಿ ಒಡೆಸಿ, ಲೋಳೆಯ ಬದಲು ಬೋಗುಣಿಯ ಅಂಚಿಗೆ ಕೋಳಿಮೊಟ್ಟೆಯ ಹಳದಿ ಪೇಸ್ಟ್ ಬಳಿದು ಮರಿ ಬೆಳೆಸುವ ಪ್ರಯತ್ನ. ದಿನಕ್ಕೆ ಆರು ಬಾರಿ ನೀರು ಬದಲಿಸಿ, ಮೂರು ರಾತ್ರಿ ನಿದ್ದೆಗೆಟ್ಟೆ. ನಾಲ್ಕನೆಯ ದಿನ ಬೋಗುಣಿ ನಾರುತ್ತಿತ್ತು, ಮರಿಗಳು ತಳದಲ್ಲಿ. ಮಾಡಿ ಗೆದ್ದವರಿದ್ದಾರೆ, ನನ್ನಿಂದ ಆಗುವ ಕೆಲಸವಲ್ಲ.

ಆಮೇಲೆ ಹಿಡಿದದ್ದು ಜಾಲರಿ. ಕೈತೋಟದ ಪ್ಲಾಸ್ಟಿಕ್ ಜಾಲರಿಯನ್ನು ಸುರುಳಿ ಸುತ್ತಿ ಕೋನಿನ ಸುತ್ತ ನಿಲ್ಲಿಸಿದೆ. ಮೊಟ್ಟೆ ಕಾಣುತ್ತದೆ, ಬಾಯಿಗೆ ಎಟುಕುವುದಿಲ್ಲ. ರಾತ್ರಿ ಜೀರೋ ಬಲ್ಬ್ ಉರಿಯುತ್ತಲೇ ಇರಬೇಕು. ಕತ್ತಲಾದರೆ ಗಂಡಿಗೆ ಗಾಬರಿ. ಐದನೆಯ ಬಾರಿ ಎಲ್ಲವೂ ಸರಿಯಿದ್ದಾಗ ಗುಡುಗು ಮಳೆಗೆ ಕರೆಂಟು ಹೋಗಿ ಏಳು ಗಂಟೆ ಬರಲಿಲ್ಲ. ಹೋದದ್ದು ಆ ಬ್ಯಾಚು, ಬಂದದ್ದು ಇನ್‌ವರ್ಟರ್. ಅದರ ಬೆಲೆಯನ್ನು ತಾಯಿಗೆ ಇಂದಿಗೂ ಹೇಳಿಲ್ಲ.

ನಿಜವಾದ ತಿರುವು ಪಕ್ಕದ ತೊಟ್ಟಿಯಿಂದ ಬಂತು. ಅಲ್ಲಿ ಪಿಜನ್ ಬ್ಲಡ್ ಎಂಬ ಇನ್ನೊಂದು ಡಿಸ್ಕಸ್ ತಳಿಯ ಜೋಡಿಯಿತ್ತು. ಮೊಟ್ಟೆ ಒಡೆಸುವುದರಲ್ಲಿ ಚುರುಕು. ಆದರೆ ಮರಿ ಸಾಕುವಾಗ ಬೇರೆ ಡಿಸ್ಕಸ್‌ಗಳಂತೆ ಆ ತಳಿಯ ಮೈ ಕಪ್ಪಾಗುವುದೇ ಇಲ್ಲವಾದ್ದರಿಂದ ಮರಿಗಳು ತಂದೆತಾಯಿಯನ್ನು ಗುರುತಿಸದೆ ಗಾಜಿಗೆ ಅಂಟಿ ಹಸಿದು ಸಾಯುತ್ತಿದ್ದವು. ಜೂನ್‌ನ ಮೊದಲ ಮಳೆಗೆ ತಣ್ಣನೆಯ ಬಾವಿನೀರು ಅರ್ಧ ತೊಟ್ಟಿ ಬದಲಿಸಿದ್ದೆ. ಎರಡೂ ಜೋಡಿ ಒಂದು ದಿನದ ಅಂತರದಲ್ಲಿ ಮೊಟ್ಟೆ ಇಟ್ಟವು. ನನ್ನ ಗಂಡಿನದು ಎಂದಿನಂತೆ ಬಹುಪಾಲು ಬಿಳಿ. ಆ ಕೋನ್ ತೆಗೆದು ಪಿಜನ್ ಬ್ಲಡ್‌ಗಳ ಕೋನನ್ನು ಅದರ ಜಾಗದಲ್ಲಿಟ್ಟೆ. ಯಾವ ಹೊತ್ತಿಗೆ, ಹೇಗೆ ಬದಲಿಸಿದರೆ ಹೆಣ್ಣಿಗೆ ಅನುಮಾನ ಬರುವುದಿಲ್ಲ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ಬ್ಯಾಚು ತೆತ್ತು ಕಲಿತದ್ದು, ಸ್ವಲ್ಪ ನನ್ನಲ್ಲಿಯೇ ಇರಲಿ.

ಮೊಟ್ಟೆ ಒಡೆಯುವಾಗ ಜಾಲರಿ ತೆಗೆದೆ, ನೀರನ್ನು ಹತ್ತು ಇಂಚಿಗೆ ಇಳಿಸಿದೆ. ಮರಿಗಳು ಈಜತೊಡಗಿದ ದಿನ ಹೆಣ್ಣನ್ನು ಗಾಜಿನ ತಡೆಯ ಆಚೆಗೆ ಕಳಿಸಿದೆ. ಅದು ಎದುರಿಗೆ ಇದ್ದರೆ ಗಂಡಿಗೆ ಕೆಲಸವೇ ಬರುವುದಿಲ್ಲ. ಅರ್ಧ ದಿನ ಗಂಡು ಮೈ ಕೊಡವುತ್ತಾ ಓಡಿತು. ಆಮೇಲೆ ನಿಂತಿತು. ಮೈ ಕಪ್ಪಗಾಯಿತು. ಸಂಜೆ ಬಂದು ನೋಡಿದರೆ ಅದರ ಪಕ್ಕೆಯ ತುಂಬ ರೆಪ್ಪೆಗೂದಲಿನಂತಹ ಮರಿಗಳು ಲೋಳೆ ಹೆಕ್ಕುತ್ತಿದ್ದವು. ಮರುದಿನ ಹೆಣ್ಣನ್ನು ಒಳಗೆ ಬಿಟ್ಟೆ, ಕಚ್ಚಾಟವಿಲ್ಲ. ಒಂದು ಮೈ ಝಾಡಿಸಿದರೆ ಮರಿಗಳ ಹಿಂಡು ಇನ್ನೊಂದರ ಮೈಗೆ.

ನಂತರದ ಬಾರಿಯವು ಆ ಗಂಡಿನದೇ ಸಂತಾನ. ಎಪ್ಪತ್ತರಷ್ಟು ಮರಿ ಈಜಿದವು, ಐದನೆಯ ವಾರಕ್ಕೆ ಐವತ್ತೆರಡು. ಐದನೆಯ ದಿನದಿಂದ ಬ್ರೈನ್ ಶ್ರಿಂಪ್ ಎಂಬ ಉಪ್ಪುನೀರಿನ ಸಣ್ಣ ಸಿಗಡಿಯ ಮರಿ, ಹೊಟ್ಟೆ ಕಿತ್ತಳೆಯಾಗುವಷ್ಟು. ಅದರ ಮೊಟ್ಟೆಯ ಡಬ್ಬಿಗೆ ಎರಡೂಮುಕ್ಕಾಲು ಸಾವಿರ ಕೊಟ್ಟೆ, ಅಗ್ಗದ್ದನ್ನು ತಂದು ಅರ್ಧವೂ ಒಡೆಯದೆ ಒಮ್ಮೆ ಕೈ ಸುಟ್ಟುಕೊಂಡಿದ್ದೆ. ಎರಡು ಇಂಚಿನ ನಲವತ್ತು ಮರಿ ತಲಾ ಇನ್ನೂರೈವತ್ತಕ್ಕೆ ಹೋದವು. ಹತ್ತು ಸಾವಿರ ಬಂತು. ಇನ್‌ವರ್ಟರ್ ಬಿಟ್ಟು ಲೆಕ್ಕ ಹಾಕಿದರೆ ಲಾಭ.

ಮಾರಿಬಿಡು ಎಂದಿದ್ದವರಲ್ಲಿ ಒಬ್ಬರು ಕಳೆದ ತಿಂಗಳು ಬಂದು ಅದೇ ಗಂಡಿಗೆ ಆರು ಸಾವಿರ ಹೇಳಿದರು. ಕೊಡಲಿಲ್ಲ. ಅವರು ಹೋದ ವಾರವೇ ಹೆಣ್ಣು ಮತ್ತೆ ಮೊಟ್ಟೆ ಇಟ್ಟಿತು, ಗಂಡು ಇನ್ನು ಪಳಗಿದೆಯಲ್ಲ ಎಂದು ಜಾಲರಿ ಹಾಕಲಿಲ್ಲ. ಬೆಳಿಗ್ಗೆ ಕೋನ್ ತೊಳೆದಿಟ್ಟ ಹಾಗಿತ್ತು.